ಖಾಸಗಿ ಪತ್ರಗಳು ಮತ್ತು ಸ್ಥಳೀಯ ದಾಖಲೆಗಳ ಸಂರಕ್ಷಣೆ: ರಾಮನಗರ ಸೀಮೆ

ಮನೆತನಗಳ ಕಾಗದಪತ್ರ, ಶಾನುಭೋಗರ ಲೆಕ್ಕ, ದೇವಸ್ಥಾನ, ಶಾಲೆ ಮತ್ತು ಸಹಕಾರ ಸಂಘಗಳ ಪುಸ್ತಕ ಮೊದಲಾದ ಅಚ್ಚಾಗದ ಬರೆಹಗಳನ್ನು ವಿಶ್ವವಿದ್ಯಾಲಯದ ಪತ್ರಾಗಾರ ಅಥವಾ ಹಸ್ತಪ್ರತಿ ಭಂಡಾರಕ್ಕೆ ತಂದು, ಪಟ್ಟಿ ಮಾಡಿ, ಕೆಡದಂತೆ ಕಾಪಾಡಿ ಓದುಗರಿಗೆ ಒದಗಿಸುವ ಕೆಲಸ. ಗ್ರಂಥಾಲಯದ ಪುಸ್ತಕ ಕಳೆದರೆ ಅದರ ಇನ್ನೊಂದು ಪ್ರತಿ ಎಲ್ಲಾದರೂ ಸಿಕ್ಕೀತು. ಇಲ್ಲಿನ ಪ್ರತಿಯೊಂದು ಹಾಳೆಯೂ ಒಂದೇ. ಬಿಡಿ ಹಾಳೆ ತಾನೊಂದೇ ಹೇಳುವುದೂ ಕಡಿಮೆ. ಅದು ಯಾರ ಮನೆಯಲ್ಲಿತ್ತು, ಯಾವ ಕಟ್ಟಿನಲ್ಲಿತ್ತು, ಅದರ ಹಿಂದೆ ಮುಂದೆ ಯಾವ ಕಾಗದಗಳಿದ್ದವು ಎಂಬುದು ತಿಳಿದಾಗಲೇ ಅದು ಸಾಕ್ಷ್ಯವಾಗುತ್ತದೆ. ಆದ್ದರಿಂದ ಪತ್ರಾಗಾರ ಕಾಪಾಡಬೇಕಾದದ್ದು ಕಾಗದವನ್ನಷ್ಟೇ ಅಲ್ಲ, ಇಡೀ ಕಟ್ಟನ್ನು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ದಾಖಲೆಗಳಲ್ಲಿ ಈ ನಿಯಮದ ಅಗತ್ಯ ಎದ್ದು ಕಾಣುತ್ತದೆ.

ಆಡಳಿತದ ಹಿನ್ನೆಲೆ

ಈ ಸೀಮೆಯ ಊರುಗಳೂ ಜಿಲ್ಲೆಗಳೂ ಹಲವು ಸಲ ಹೆಸರು ಬದಲಿಸಿವೆ. ಮೈಸೂರು ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಹೆಸರಿನಿಂದ ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ಊರೇ ಇಂದಿನ ರಾಮನಗರ. ಕನಕಪುರ ಹಳೆಯ ದಾಖಲೆಗಳಲ್ಲಿ ಕಾನಕಾನಹಳ್ಳಿ. ನಾಲ್ಕೂ ತಾಲ್ಲೂಕುಗಳು 1986ರವರೆಗೆ ಬೆಂಗಳೂರು ಜಿಲ್ಲೆಯಲ್ಲಿದ್ದವು. ಆ ವರ್ಷ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದವು. 2007ರ ಆಗಸ್ಟ್‌ನಲ್ಲಿ ರಾಮನಗರ ಜಿಲ್ಲೆಯಾದವು. 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರಿಡಲು ಒಪ್ಪಿತು. ಕನಕಪುರ ತಾಲ್ಲೂಕಿನಲ್ಲಿದ್ದ ಮರಳವಾಡಿ ಹೋಬಳಿ ಹೊಸ ಹಾರೋಹಳ್ಳಿ ತಾಲ್ಲೂಕಿಗೆ ಸೇರಿದೆ.

ಹೀಗಾಗಿ ಮರಳವಾಡಿಯ ಕಡೆಯ ಒಂದು ಹಳ್ಳಿಯ ಕಾಗದ ಹುಡುಕುವವರು ಮೊದಲು ಕಾಲವನ್ನು ಗೊತ್ತುಮಾಡಿಕೊಳ್ಳಬೇಕು. 19ನೆಯ ಶತಮಾನದ ಕಾಗದಕ್ಕೆ ಬೆಂಗಳೂರು ಜಿಲ್ಲೆ, ಕಾನಕಾನಹಳ್ಳಿ ತಾಲ್ಲೂಕು ಎಂದು ನೋಡಬೇಕು. ಈಚಿನ ಕಾಗದಕ್ಕೆ ಕನಕಪುರ ಅಥವಾ ಹಾರೋಹಳ್ಳಿ. ಪತ್ರಾಗಾರದ ಸೂಚಿಯಲ್ಲಿ ಈ ಹೆಸರುಗಳು ಒಂದಕ್ಕೊಂದು ಹೊಂದಿಕೊಂಡಿರದಿದ್ದರೆ ದಾಖಲೆ ಕಪಾಟಿನಲ್ಲಿದ್ದೂ ಕೈಗೆ ಸಿಗುವುದಿಲ್ಲ. ಬಿ. ಎಲ್. ರೈಸ್ ಸಂಪಾದಿಸಿ 1905ರಲ್ಲಿ ಹೊರಬಂದ ಎಪಿಗ್ರಾಫಿಯ ಕರ್ನಾಟಿಕದ 9ನೆಯ ಸಂಪುಟ ಈ ಸೀಮೆಯ ಶಾಸನಗಳನ್ನು ಬೆಂಗಳೂರು ಜಿಲ್ಲೆಯ ಕೆಳಗೇ ಕೊಟ್ಟಿದೆ. ಕಲ್ಲಿನ ಮೇಲಿನ ಬರೆಹಕ್ಕೆ ನೂರು ವರ್ಷಕ್ಕೂ ಹಿಂದೆ ಸಿಕ್ಕ ಈ ಕ್ರಮಬದ್ಧ ಪಟ್ಟಿ ಅಟ್ಟದ ಮೇಲಿನ ಕಾಗದಕ್ಕೆ ಸಿಗಲಿಲ್ಲ.

ಸಂಗ್ರಹದ ಇತಿಹಾಸ

ಸ್ಥಳೀಯ ಬರೆಹಗಳನ್ನು ದೊಡ್ಡ ಪ್ರಮಾಣದಲ್ಲಿ ಕೂಡಿಸಿದ ಮೊದಲಿಗರಲ್ಲಿ ಕಾಲಿನ್ ಮೆಕೆಂಜಿ ಪ್ರಮುಖ. ಟಿಪ್ಪುವಿನ ಪತನದ ನಂತರ ಮೈಸೂರು ಸರ್ವೆ ನಡೆಸಿದ ಈತ ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಸೋದರರಂಥ ಸಹಾಯಕರ ಮೂಲಕ ಊರೂರಿನ ಕೈಫಿಯತ್ತುಗಳನ್ನು ಬರೆಸಿಕೊಂಡ. ಊರಿನ ಹುಟ್ಟು, ಪಾಳೆಯಗಾರರ ವಂಶ, ದೇವಸ್ಥಾನದ ಮಾನ್ಯ, ಕೆರೆ ಕಟ್ಟೆಗಳ ವಿವರವನ್ನು ಶಾನುಭೋಗರೂ ಹಿರಿಯರೂ ಹೇಳಿದಂತೆ ದಾಖಲಿಸಿದ ಬರೆಹಗಳಿವು. ಕನ್ನಡ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿ ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಪ್ರಕಟಿಸಿತು.

ಮೈಸೂರಿನಲ್ಲಿ 1891ರಲ್ಲಿ ಆರಂಭವಾದ ಓರಿಯಂಟಲ್ ಲೈಬ್ರರಿ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿತು. ಇದೇ ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯ. ಆರ್. ಶಾಮಶಾಸ್ತ್ರಿ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದ್ದು ಇಲ್ಲಿಂದಲೇ. ಆಗಿನ ಒಲವು ಕಾವ್ಯ, ಶಾಸ್ತ್ರ, ಪುರಾಣಗಳ ಕಡೆಗಿತ್ತು. ಲೆಕ್ಕದ ಪುಸ್ತಕ, ಮನೆಯ ಕಾಗದಗಳನ್ನು ಹಸ್ತಪ್ರತಿಗಳ ಸಾಲಿಗೆ ಸೇರಿಸುವವರು ಕಡಿಮೆ.

ಪತ್ರಗಳ ಬೆಲೆಯನ್ನು ತೋರಿಸಿಕೊಟ್ಟದ್ದು ಶೃಂಗೇರಿ. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಶೃಂಗೇರಿ ಮಠದಲ್ಲಿ ಟಿಪ್ಪು ಸುಲ್ತಾನ ಸ್ವಾಮಿಗಳಿಗೆ ಬರೆಸಿದ್ದ ಕನ್ನಡ ಪತ್ರಗಳ ಕಟ್ಟನ್ನು ಕಂಡರು. 1791ರಲ್ಲಿ ಮರಾಠಾ ದಂಡಿನವರು ಮಠವನ್ನು ಲೂಟಿ ಮಾಡಿದ ನಂತರದ ನೆರವು, ಮರುಪ್ರತಿಷ್ಠೆಯ ವಿಚಾರಗಳು ಅವುಗಳಲ್ಲಿವೆ. ಮಠ ಬಂದ ಪತ್ರಗಳನ್ನು ಬಿಡಿಬಿಡಿಯಾಗಿ ಹಂಚಿಹೋಗಲು ಬಿಡದೆ ಒಟ್ಟಿಗೆ ಇಟ್ಟುಕೊಂಡು ಬಂದದ್ದರಿಂದ ಒಂದು ಪತ್ರಕ್ಕೆ ಇನ್ನೊಂದು ವಿವರಣೆಯಾಯಿತು.

ಸ್ಥಳೀಯ ದಾಖಲೆಗಳ ಬಗೆಗಳು

ರಾಮನಗರ ಸೀಮೆಯ ಮನೆಗಳಲ್ಲೂ ಸಂಸ್ಥೆಗಳಲ್ಲೂ ಸಿಗಬಹುದಾದ ದಾಖಲೆಗಳನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು: (1) ಶಾನುಭೋಗರ ಲೆಕ್ಕ, ಜಮಾಬಂದಿ, ಇನಾಂ ಸನದು, ಕ್ರಯ ಮತ್ತು ಭೋಗ್ಯ ಪತ್ರ, ವಿಭಾಗ ಪತ್ರ, (2) ದೇವಸ್ಥಾನ, ಮಠ, ದರ್ಗಾಗಳ ಸೇವಾಪಟ್ಟಿ ಮತ್ತು ಖರ್ಚುವೆಚ್ಚ, (3) ಪಂಚಾಯಿತಿ ನಡಾವಳಿ, ಶಾಲೆಯ ದಾಖಲಾತಿ ಪುಸ್ತಕ, ಸಹಕಾರ ಸಂಘದ ಸಭಾ ನಡಾವಳಿ, (4) ರೇಷ್ಮೆಗೂಡು ಮಾರಾಟದ ಚೀಟಿ, ನೂಲು ಬಿಚ್ಚುವವರ ಖಾತೆ, ಚನ್ನಪಟ್ಟಣದ ಗೊಂಬೆ ಕೆಲಸಗಾರರ ಆರ್ಡರ್ ಪುಸ್ತಕ, (5) ನಾಟಕ ಮಂಡಳಿ, ಜಾತ್ರೆ, ಚುನಾವಣೆಗಳ ಕರಪತ್ರ, (6) ಕಾಗದ, ಡೈರಿ, ಲಗ್ನಪತ್ರಿಕೆ, ಫೋಟೋ ಮೊದಲಾದ ಮನೆತನದ ಖಾಸಗಿ ಬರೆಹ.

ಇವೆಲ್ಲ ಕನ್ನಡದಲ್ಲೇ ಇರುತ್ತವೆಂದು ಹೇಳಲಾಗದು. ಚನ್ನಪಟ್ಟಣ, ರಾಮನಗರಗಳ ಮುಸ್ಲಿಂ ಮನೆಗಳ ಕಾಗದಗಳಿಗೆ ಉರ್ದು ಬಲ್ಲವರು ಬೇಕು. ಸರಕಾರಿ ಪತ್ರಗಳು ಇಂಗ್ಲಿಷಿನಲ್ಲಿರುತ್ತವೆ. ಶಾನುಭೋಗರ ಕೈಬರೆಹ ಲೇಖನಿ ಎತ್ತದೆ ಓಡಿಸಿದ ಮೋಡಿ. ವರಹ, ಹಣ, ಹಾಗ, ವೀಸಗಳ ನಾಣ್ಯಲೆಕ್ಕವೂ ಖಂಡುಗ, ಕೊಳಗ, ಬಳ್ಳಗಳ ಅಳತೆಯೂ ಗೊತ್ತಿಲ್ಲದವರಿಗೆ ಈ ಪುಟಗಳನ್ನು ಪಟ್ಟಿ ಮಾಡುವುದೇ ಕಷ್ಟ.

ಹಳೆಯ ಮೈಸೂರಿನ ಲೆಕ್ಕಪತ್ರಗಳಲ್ಲಿ ಕಡತಕ್ಕೆ ವಿಶೇಷ ಸ್ಥಾನವಿದೆ. ಮಾರ್ಕ್ ವಿಲ್ಕ್ಸ್ 1810ರ ತನ್ನ ಮೈಸೂರು ಇತಿಹಾಸದಲ್ಲಿ ಇದನ್ನು ವರ್ಣಿಸಿದ್ದಾನೆ. 8ರಿಂದ 12 ಅಂಗುಲ ಅಗಲ, 12ರಿಂದ 18 ಅಡಿ ಉದ್ದದ ಹತ್ತಿಬಟ್ಟೆಗೆ ಎರಡೂ ಕಡೆ ಇದ್ದಿಲ ಪುಡಿ ಬೆರೆಸಿದ ಸರಿ ಬಳಿದು ಒಣಗಿಸಿ, ಪುಟಗಳಂತೆ ಮಡಿಸಿ, ಎರಡು ಕೊನೆಗೂ ಮರದ ಹಲಗೆ ಅಂಟಿಸುತ್ತಿದ್ದರು. ಕಪ್ಪು ಮೈಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಸರಿಯ ಅಂಟಿಗೆ ಹುಣಿಸೆಬೀಜ ಬಳಸುವುದು ರೂಢಿ. ಒರೆಸಬಹುದಾದ ಈ ಗುಣವೇ ಸಂರಕ್ಷಕರಿಗೆ ತಲೆನೋವು. ಒದ್ದೆ ಬಟ್ಟೆ ತಗಲಿದರೂ ಬರೆಹ ಮಾಯವಾಗುತ್ತದೆ. ಮಡಿಕೆಯ ಅಂಚಿನಲ್ಲಿ ಕರಿ ಉದುರಿ ಸಾಲುಗಳು ತುಂಡಾಗುತ್ತವೆ. ಸರಿಯ ಆಸೆಗೆ ಹುಳು ಬೀಳುತ್ತದೆ. ಆದ್ದರಿಂದ ಕಡತ ಕೈಗೆ ಬಂದೊಡನೆ ಧೂಳು ಒರೆಸಲು ಹೋಗದೆ ಮೊದಲು ಪುಟಪುಟವಾಗಿ ಛಾಯಾಚಿತ್ರ ತೆಗೆಯುವುದು ಸರಿಯಾದ ಕ್ರಮ.

1863ರಲ್ಲಿ ಮೈಸೂರಿನಲ್ಲಿ ರೆವಿನ್ಯೂ ಸರ್ವೆ ಆರಂಭವಾದ ನಂತರ ಗ್ರಾಮಲೆಕ್ಕ ಅಚ್ಚಿನ ನಮೂನೆಗಳಿಗೆ ತಿರುಗಿತು. ಗ್ರಾಮ ಹುದ್ದೆಗಳ ರದ್ದತಿಯ 1961ರ ಕಾಯಿದೆ 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ ಕೊನೆಗೊಂಡಿತು. ಚಾಲ್ತಿ ಪುಸ್ತಕಗಳು ಸರಕಾರದ ಗ್ರಾಮ ಲೆಕ್ಕಿಗರ ವಶಕ್ಕೆ ಹೋದವು. ಹಳೆಯ ಕಡತ, ನಕಲು, ಕರಡುಗಳಲ್ಲಿ ಹಲವು ಹಿಂದಿನ ಶಾನುಭೋಗರ ಮನೆಯ ಅಟ್ಟಗಳಲ್ಲೇ ಉಳಿದವು.

ಖಾಸಗಿ ಪತ್ರಗಳು

ಬಂದ ಕಾಗದಗಳನ್ನು ಗೋಡೆಗೆ ತೂಗುಹಾಕಿದ ಬಾಗಿದ ಕಬ್ಬಿಣದ ಕಂಬಿಗೆ ಚುಚ್ಚಿಡುವುದು ಹಳ್ಳಿಮನೆಗಳಲ್ಲೂ ಅಂಗಡಿಗಳಲ್ಲೂ ಇದ್ದ ಪದ್ಧತಿ. ಓದಿ ಮುಗಿಸಿದ್ದನ್ನು ಚುಚ್ಚುತ್ತ ಹೋದಂತೆ ಹಳೆಯದು ಒಳಗೆ, ಹೊಸದು ತುದಿಗೆ ಬರುತ್ತದೆ. ತಾರೀಖು ಬರೆಯದ ಕಾಗದದ ಕಾಲವನ್ನು ಅದರ ಎಡಬಲದ ಕಾಗದಗಳಿಂದ ಊಹಿಸಬಹುದು. ಹೀಗಾಗಿ ಕಂಬಿಯಿಂದ ಬಿಡಿಸುವ ಮೊದಲು ಇದ್ದ ಹಾಗೇ ಫೋಟೋ ತೆಗೆದು, ಒಂದೊಂದಕ್ಕೂ ಮೆತ್ತನೆಯ ಪೆನ್ಸಿಲಿನಿಂದ ಹಿಂಬದಿಯ ಮೂಲೆಯಲ್ಲಿ ಕ್ರಮಸಂಖ್ಯೆ ಹಾಕಬೇಕು. ನಂತರ ಕಂಬಿಯನ್ನು ತೆಗೆದುಹಾಕಲೇಬೇಕು, ಏಕೆಂದರೆ ತುಕ್ಕು ತೂತಿನ ಸುತ್ತಲೂ ಹರಡಿ ಕಾಗದವನ್ನು ತಿನ್ನುತ್ತ ಹೋಗುತ್ತದೆ. ಗುಂಡುಪಿನ್ನು, ಕ್ಲಿಪ್ಪು, ರಬ್ಬರ್‌ಬ್ಯಾಂಡುಗಳಿಗೂ ಇದೇ ಮಾತು.

ಉಳಿದುಬಂದ ಕಾಗದಗಳು ಬಾಳಿನ ಎಲ್ಲ ಸಂದರ್ಭಗಳನ್ನೂ ಸಮನಾಗಿ ತೋರಿಸುವುದಿಲ್ಲ. ಅರಿಸಿನ ಹಚ್ಚಿದ ಲಗ್ನಪತ್ರಿಕೆ, ಮಗು ಹುಟ್ಟಿದ ಸುದ್ದಿ, ಕೆಲಸ ಸಿಕ್ಕಿದ ಸುದ್ದಿಗಳನ್ನು ಜನ ಜೋಪಾನ ಮಾಡಿದರು. ಸಾವಿನ ಕಾಗದವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದೆಂದು ಓದಿದ ಕೂಡಲೇ ಹರಿದುಹಾಕಿದರು. ಆದ್ದರಿಂದ ಒಂದು ಮನೆತನದ ಪತ್ರಗಳಲ್ಲಿ ಸಾವಿನ ಮಾತೇ ಕಾಣದಿದ್ದರೆ ಅದಕ್ಕೆ ಈ ರೂಢಿ ಕಾರಣವಿರಬಹುದು. ಹಾಗೆಯೇ ಓದು ಬರೆಹ ಬಾರದವರ ಕಾಗದಗಳನ್ನು ಮೇಷ್ಟರೋ ಅಂಚೆಯವರೋ ಬರೆದುಕೊಡುತ್ತಿದ್ದರು. ಅಲ್ಲಿ ಕೈ ಒಬ್ಬರದು, ಮಾತು ಇನ್ನೊಬ್ಬರದು. ಸೂಚಿಯಲ್ಲಿ ಎರಡನ್ನೂ ನಮೂದಿಸುವುದು ಒಳ್ಳೆಯದು.

ಕಾಲನಿರ್ಣಯ

ಹಳೆಯ ಕಾಗದಗಳ ತಲೆಯಲ್ಲಿ ಸಂವತ್ಸರ, ಮಾಸ, ತಿಥಿಗಳಷ್ಟೇ ಇರುವುದುಂಟು. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುವುದರಿಂದ ಪ್ರಭವ ಎಂದಿದ್ದರೆ ಅದು 1867-68, 1927-28, 1987-88 ಯಾವುದೂ ಆಗಬಹುದು. ಆಗ ಒಳಗಿನ ಸಾಕ್ಷ್ಯ ಬೇಕಾಗುತ್ತದೆ. ಮೈಸೂರು ಸಂಸ್ಥಾನದ ಸ್ವಂತ ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. ನೀಲಿ ಇನ್‌ಲ್ಯಾಂಡ್ ಲೆಟರ್ ಬಂದದ್ದು 1950ರ ಅಕ್ಟೋಬರಿನಲ್ಲಿ. ಆಣೆ ಪೈಗಳ ಲೆಕ್ಕ ನಯಾಪೈಸೆಗೆ ತಿರುಗಿದ್ದು 1957ರ ಏಪ್ರಿಲಿನಲ್ಲಿ. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ ಕಾಗದ 1972ರ ಆಗಸ್ಟ್ 15ರ ಈಚಿನದು. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಾದದ್ದು 1973ರ ನವೆಂಬರಿನಲ್ಲಿ. ಅಂಚೆಮುದ್ರೆ ಇರುವ ಲಕೋಟೆ ಈ ಕಾರಣಕ್ಕೆ ಕಾಗದದಷ್ಟೇ ಮುಖ್ಯ. ಹಳೆಯ ಸ್ಟಾಂಪಿನ ಆಸೆಗೆ ಲಕೋಟೆಯ ಮೂಲೆ ಕತ್ತರಿಸಿದರೆ ತಾರೀಖೂ ಹೋಗುತ್ತದೆ.

ಸ್ವೀಕಾರ ಮತ್ತು ಮೂಲ ಕ್ರಮ

ದಾಖಲೆಗಳನ್ನು ವಿಷಯವಾರು ಹಂಚದೆ ಅವು ಹುಟ್ಟಿದ ಮನೆ ಅಥವಾ ಕಚೇರಿಯ ಹೆಸರಿನಲ್ಲೇ ಒಟ್ಟಿಗಿಡಬೇಕೆಂಬ ನಿಯಮವನ್ನು ಫ್ರಾನ್ಸ್ 1841ರಲ್ಲಿ ಗೊತ್ತುಮಾಡಿತು. 1898ರ ಡಚ್ ಕೈಪಿಡಿ ಒಳಗಿನ ಮೂಲ ಜೋಡಣೆಯನ್ನೂ ಕೆಡಿಸಬಾರದೆಂದಿತು. ಇಂದಿಗೂ ಎಲ್ಲ ಪತ್ರಾಗಾರಗಳ ತಳಹದಿ ಇವೇ. ಒಂದು ಮನೆಯ ಪೆಟ್ಟಿಗೆಯಿಂದ ಇನಾಂ ಸನದನ್ನು ಭೂದಾಖಲೆಗಳಿಗೂ ಕಾಗದಗಳನ್ನು ಪತ್ರಸಾಹಿತ್ಯಕ್ಕೂ ಫೋಟೋಗಳನ್ನು ಚಿತ್ರಸಂಗ್ರಹಕ್ಕೂ ಹಂಚಿದರೆ ಆ ಮನೆತನದ ಕಥೆಯನ್ನು ಮತ್ತೆ ಕೂಡಿಸಲಾಗದು.

ಸ್ವೀಕರಿಸುವಾಗ ದಾನಪತ್ರ ಬರೆಸಿಕೊಳ್ಳುತ್ತಾರೆ. ಕೊಟ್ಟವರು ಯಾರು, ಅವರಿಗೆ ಹೇಗೆ ಬಂತು, ಯಾವ ಭಾಗವನ್ನು ಎಷ್ಟು ಕಾಲ ತೆರೆಯಬಾರದು, ಪ್ರಕಟಣೆಗೆ ಯಾರ ಅನುಮತಿ ಬೇಕು ಎಂಬುದು ಅದರಲ್ಲಿರಬೇಕು. ಪೆಟ್ಟಿಗೆ ಎಲ್ಲಿತ್ತು ಎಂಬುದನ್ನೂ ಮನೆಯವರಿಂದ ಕೇಳಿ ಬರೆದುಕೊಳ್ಳುತ್ತಾರೆ, ಏಕೆಂದರೆ ಇಪ್ಪತ್ತು ವರ್ಷದ ಮೇಲೆ ಅದನ್ನು ಹೇಳುವವರು ಇರುವುದಿಲ್ಲ. ಅಂತರರಾಷ್ಟ್ರೀಯ ಪತ್ರಾಗಾರ ಮಂಡಳಿಯ ವಿವರಣಾ ಮಾನದಂಡದಂತೆ ಸೂಚಿಯಲ್ಲಿ ಕನಿಷ್ಠ ಆರು ಅಂಶಗಳಿರಬೇಕು: ಗುರುತು ಸಂಖ್ಯೆ, ಶೀರ್ಷಿಕೆ, ಸೃಷ್ಟಿಸಿದವರು, ಕಾಲ, ಪ್ರಮಾಣ, ವಿವರಣೆಯ ಮಟ್ಟ. ಮೊದಲು ಇಡೀ ಸಂಗ್ರಹಕ್ಕೆ ಒಂದು ವಿವರಣೆ, ಆಮೇಲೆ ಕಟ್ಟುಗಳಿಗೆ, ಕೊನೆಗೆ ಬೇಕಾದರಷ್ಟೇ ಬಿಡಿ ಹಾಳೆಗೆ. ಬಿಡಿ ಹಾಳೆಯಿಂದ ಆರಂಭಿಸಿದ ಪಟ್ಟಿಗಳು ಅರ್ಧಕ್ಕೆ ನಿಲ್ಲುವುದೇ ಹೆಚ್ಚು.

ಇನಾಂ ರದ್ದತಿಯ 1954 ಮತ್ತು 1955ರ ಕಾಯಿದೆಗಳೂ 1974ರ ಭೂಸುಧಾರಣೆಯೂ ಬಂದುಹೋದ ಮೇಲೂ ಭೂವ್ಯಾಜ್ಯಗಳು ನಿಂತಿಲ್ಲ. ಬೆಂಗಳೂರಿನ ಬೆಳವಣಿಗೆಯಿಂದ ಈ ಸೀಮೆಯ ನೆಲದ ಬೆಲೆಯೂ ಏರಿದೆ. ಹಳೆಯ ಕಾಗದ ಮುಂದೆಂದಾದರೂ ಕೋರ್ಟಿನಲ್ಲಿ ಬೇಕಾದೀತೆಂದು ಮನೆಯವರು ಕೊಡಲು ಹಿಂಜರಿಯುವುದು ಸಹಜ. ಅಂಥಲ್ಲಿ ಮೂಲವನ್ನು ಮನೆಯಲ್ಲೇ ಬಿಟ್ಟು, ಸ್ಕ್ಯಾನ್ ಪ್ರತಿಯನ್ನು ಮಾತ್ರ ಪತ್ರಾಗಾರಕ್ಕೆ ಪಡೆದು, ಮೂಲವನ್ನು ಇಡುವ ಬಗೆಯನ್ನು ಮನೆಯವರಿಗೆ ತಿಳಿಸಿಕೊಡುವುದು ನಡೆಯುವ ದಾರಿ.

ಭೌತಿಕ ಸಂರಕ್ಷಣೆ

ಕಾಗದದ ಮುಖ್ಯ ಶತ್ರುಗಳು ತೇವ, ಬಿಸಿಲು, ಧೂಳು, ಗೆದ್ದಲು, ಬೆಳ್ಳಿಹುಳು ಮತ್ತು ಕಾಗದದೊಳಗಿನ ಆಮ್ಲ. ಯಂತ್ರದಲ್ಲಿ ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದ ಹಳದಿಯಾಗಿ ಪುಡಿಯಾಗುತ್ತದೆ. ಅದಕ್ಕಿಂತ ಹಳೆಯದಾದ ಚಿಂದಿಯ ಕೈಕಾಗದ ಗಟ್ಟಿಯಾಗಿಯೇ ಉಳಿದಿರುತ್ತದೆ. ಕಾಡಿಗೆಯ ಮಸಿ ಬಣ್ಣಗೆಡದು, ಆದರೆ ನೀರು ತಾಗಿದರೆ ಹರಡುತ್ತದೆ. ಕಬ್ಬಿಣದ ಅಂಶವಿರುವ ಮಸಿ ಕಾಗದವನ್ನೇ ಸುಡುತ್ತದೆ.

ಉಗ್ರಾಣದಲ್ಲಿ ಉಷ್ಣತೆ 22ರಿಂದ 25 ಡಿಗ್ರಿ ಸೆಲ್ಸಿಯಸ್, ಗಾಳಿಯ ತೇವಾಂಶ ಶೇ. 45ರಿಂದ 55 ಇರಬೇಕೆಂಬುದು ರೂಢಿಯ ಮಾನ. ಅದಕ್ಕಿಂತ ಮುಖ್ಯವಾದದ್ದು ಅದು ದಿನದಿನಕ್ಕೆ ಏರಿಳಿಯದಿರುವುದು. ಆಮ್ಲರಹಿತ ಲಕೋಟೆ ಮತ್ತು ಪೆಟ್ಟಿಗೆ, ಗೋಡೆಗೆ ತಾಗದ ಉಕ್ಕಿನ ಕಪಾಟು, ನೆಲದಿಂದ ಎತ್ತರದ ಕೆಳತಟ್ಟು ಇವು ಮೊದಲ ಅಗತ್ಯಗಳು. ಬೇವಿನೆಲೆ, ಬಜೆ ಬೇರು ಮನೆಗಳಲ್ಲಿ ಹುಳು ಓಡಿಸಲು ಬಳಸುತ್ತಿದ್ದ ಹಳೆಯ ಉಪಾಯಗಳು. ಓಲೆಗರಿಗೆ ಮೆದುತನ ಬರಲೆಂದು ಹುಲ್ಲೆಣ್ಣೆ ಸವರುತ್ತಾರೆ. ಇದೇ ಎಣ್ಣೆ ಕಾಗದಕ್ಕೆ ತಗಲಿದರೆ ಕಲೆ ಹೋಗದು.

ಹರಿದ ಕಾಗದಕ್ಕೆ ತೆಳು ರೇಷ್ಮೆಯ ಶಿಫಾನ್ ಬಟ್ಟೆ ಅಂಟಿಸುವ ಕ್ರಮ ಭಾರತದ ಪತ್ರಾಗಾರಗಳಲ್ಲಿ ಬಹುಕಾಲ ನಡೆಯಿತು. ರಾಷ್ಟ್ರೀಯ ಅಭಿಲೇಖಾಲಯ ಅಸಿಟೋನ್ ಬಳಸಿ ಕೈಯಿಂದಲೇ ಮಾಡುವ ಲ್ಯಾಮಿನೇಷನ್ ವಿಧಾನವನ್ನು ಬೆಳೆಸಿತು. ಈಗ ಹಿಂದೆಗೆಯಬಹುದಾದ ದುರಸ್ತಿಗೆ ಮನ್ನಣೆ. ಅಂದರೆ ತೆಳು ಜಪಾನಿ ಕಾಗದವನ್ನು ಪಿಷ್ಟದ ಅಂಟಿನಿಂದ ಹಚ್ಚಿ, ಬೇಕೆಂದಾಗ ನೀರಿನಿಂದ ಬಿಡಿಸಬಹುದಾದ ಕ್ರಮ. ಅಂಗಡಿಯ ಪಾರದರ್ಶಕ ಟೇಪ್ ಹಚ್ಚುವುದೂ ಬಿಸಿ ಲ್ಯಾಮಿನೇಷನ್ ಮಾಡಿಸುವುದೂ ಮನೆಯವರು ಒಳ್ಳೆಯದೆಂದೇ ನಂಬಿ ಮಾಡುವ ಹಾನಿ. ಎರಡನ್ನೂ ಸರಿಪಡಿಸುವುದು ಬಹಳ ಕಷ್ಟ.

ಡಿಜಿಟಲ್ ಪ್ರತಿ

ಸ್ಕ್ಯಾನ್ ಮಾಡುವುದರಿಂದ ಮೂಲದ ಮೇಲಿನ ಕೈಬಳಕೆ ತಗ್ಗುತ್ತದೆ, ಮೂಲದ ಅಗತ್ಯ ತಪ್ಪುವುದಿಲ್ಲ. ಕಾಯಂ ಪ್ರತಿಯನ್ನು ಕುಗ್ಗಿಸದ ಟಿಫ್ ರೂಪದಲ್ಲೂ ಓದುವ ಪ್ರತಿಯನ್ನು ಜೆಪೆಗ್ ಅಥವಾ ಪಿಡಿಎಫ್ ರೂಪದಲ್ಲೂ ಇಡುವುದು ವಾಡಿಕೆ. ಕಾಗದದ ಹಿಂಬದಿ, ಖಾಲಿ ಪುಟ, ಲಕೋಟೆ ಎಲ್ಲವನ್ನೂ ತೆಗೆಯಬೇಕು.

ಪ್ರತಿಗಳು ಬೇರೆ ಬೇರೆ ಕಡೆ ಇರಬೇಕೆಂಬ ಎಚ್ಚರಕ್ಕೆ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರ ಅನುಭವ ದೊಡ್ಡ ಪಾಠ. ಮೈಸೂರಿನ ಬಳಿಯ ಹಳ್ಳಿಯೊಂದರಲ್ಲಿ 1948ರಲ್ಲಿ ಅವರು ಮಾಡಿದ ಕ್ಷೇತ್ರಕಾರ್ಯದ ಸಂಸ್ಕರಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಅಧ್ಯಯನ ಕೇಂದ್ರದ ಅವರ ಕೊಠಡಿಯಲ್ಲೇ ಇದ್ದವು. 1970ರ ಏಪ್ರಿಲಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಮೂರೂ ಬಲಿಯಾದವು. ನೆನಪಿನಿಂದ ಅವರು ಕಟ್ಟಿಕೊಟ್ಟ ಪುಸ್ತಕ 1976ರಲ್ಲಿ ಬಂದು ಸಮಾಜಶಾಸ್ತ್ರದ ಶ್ರೇಷ್ಠ ಕೃತಿಗಳಲ್ಲೊಂದೆನಿಸಿತು.

ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಕರ್ನಾಟಕದ ಭೂಮಿ ಯೋಜನೆಯಿಂದ ಕೈಬರೆಹದ ಪಹಣಿಗೆ ಆಡಳಿತದ ಬಳಕೆ ಹೋಯಿತು. ಬೆಳೆ, ನೀರಾವರಿ, ಗೇಣಿಗಳನ್ನು ವರ್ಷವರ್ಷವೂ ನಮೂದಿಸಿದ ಆ ಹಳೆಯ ಪುಸ್ತಕಗಳು ಕೃಷಿಯ ಇತಿಹಾಸಕ್ಕೆ ಬೇಕಾದವು. ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆಯನ್ನು ಕಂದಾಯ ಇಲಾಖೆ ಕೈಗೊಂಡಿದೆ.

ಕಾನೂನು ಮತ್ತು ಗೋಪ್ಯತೆ

ಕಾಗದದ ಒಡೆತನ ಅದನ್ನು ಪಡೆದವರದು. ಬರೆದ ಮಾತಿನ ಕೃತಿಸ್ವಾಮ್ಯ ಬರೆದವರದು. 1957ರ ಕಾಯಿದೆಯಂತೆ ಈ ಹಕ್ಕು ಸಾಮಾನ್ಯವಾಗಿ ಬರೆದವರ ಜೀವಮಾನ ಮತ್ತು ಆ ಮೇಲಿನ 60 ವರ್ಷ ಇರುತ್ತದೆ. ಆದ್ದರಿಂದ ಕಾಗದವನ್ನು ದಾನ ಕೊಟ್ಟವರು ಅದರ ಪ್ರಕಟಣೆಗೂ ಒಪ್ಪಿಗೆ ಕೊಡಬಲ್ಲರೆಂದು ಭಾವಿಸುವಂತಿಲ್ಲ. 75 ವರ್ಷಕ್ಕೂ ಹಳೆಯದಾದ, ಐತಿಹಾಸಿಕ ಅಥವಾ ಸಾಹಿತ್ಯಕ ಮೌಲ್ಯದ ಹಸ್ತಪ್ರತಿ ಮತ್ತು ದಾಖಲೆಗಳು 1972ರ ಪ್ರಾಚ್ಯವಸ್ತು ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಖಾಸಗಿಯವರು ಅವನ್ನು ದೇಶದ ಹೊರಗೆ ಸಾಗಿಸುವಂತಿಲ್ಲ. ಸರಕಾರಿ ಕಡತಗಳಿಗೆ ಕೇಂದ್ರದ 1993ರ ಕಾಯಿದೆಯೂ ರಾಜ್ಯದ 2010ರ ಸಾರ್ವಜನಿಕ ದಾಖಲೆಗಳ ಕಾಯಿದೆಯೂ ಇವೆ. ಮನೆಯ ಪೆಟ್ಟಿಗೆಯಲ್ಲಿ ಸಿಕ್ಕ ಸರಕಾರಿ ಪುಸ್ತಕ ಯಾರದೆಂಬ ಪ್ರಶ್ನೆಯನ್ನು ಸ್ವೀಕಾರದ ಮೊದಲೇ ಬಗೆಹರಿಸಿಕೊಳ್ಳಬೇಕು. ಕಾಯಿಲೆ, ಸಾಲ, ಸಂಸಾರದ ಜಗಳ, ಜಾತಿಯ ನಿಂದೆಗಳಿರುವ ಪತ್ರಗಳಿಗೆ ಅವುಗಳಲ್ಲಿ ಹೆಸರಿಸಿದವರು ಬದುಕಿರುವತನಕ ತಡೆ ಹಾಕುವುದು ಪತ್ರಾಗಾರಗಳ ಸಾಮಾನ್ಯ ನೀತಿ.

ಸಂಸ್ಥೆಗಳು

ಸರಕಾರಿ ದಾಖಲೆಗಳಿಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ ಮೂಲ ನೆಲೆ. ಅರಮನೆಯ ದಾಖಲೆಗಳು ಅದರ ಮೈಸೂರು ವಿಭಾಗದಲ್ಲಿವೆ. ಮೈಸೂರು ವಿಶ್ವವಿದ್ಯಾಲಯದ ಪ್ರಾಚ್ಯವಿದ್ಯಾ ಸಂಶೋಧನಾಲಯ ಮತ್ತು ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿಶಾಸ್ತ್ರ ವಿಭಾಗ, ಬೆಂಗಳೂರಿನ ಬಿ.ಎಂ.ಶ್ರೀ. ಸ್ಮಾರಕ ಪ್ರತಿಷ್ಠಾನ ಹಸ್ತಪ್ರತಿಗಳಿಗೆ ಹೆಸರಾದವು. 1964ರಲ್ಲಿ ಆರಂಭವಾದ ಬೆಂಗಳೂರು ವಿಶ್ವವಿದ್ಯಾಲಯ ಈ ಸೀಮೆಗೆ ಸಮೀಪದ್ದು. ಈಚೆಗೆ ಖಾಸಗಿ ಕಾಗದಪತ್ರಗಳನ್ನೇ ಕೇಂದ್ರವಾಗಿಟ್ಟುಕೊಂಡ ಪತ್ರಾಗಾರಗಳೂ ಬೆಂಗಳೂರಿನಲ್ಲಿ ಬೆಳೆದಿವೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಪತ್ರಾಗಾರ 2019ರಲ್ಲಿ ತೆರೆದು ವಿಜ್ಞಾನಿಗಳ, ನಿಸರ್ಗಪ್ರಿಯರ ಪತ್ರಗಳನ್ನು ಸಂಗ್ರಹಿಸುತ್ತಿದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವೂ ಸ್ವಂತ ಪತ್ರಾಗಾರ ನಡೆಸುತ್ತಿದೆ.

ರಾಮನಗರದಲ್ಲೇ ಇರುವ ಜಾನಪದ ಲೋಕ ವಿಶ್ವವಿದ್ಯಾಲಯವಲ್ಲದಿದ್ದರೂ ಇಲ್ಲಿ ಗಮನಾರ್ಹ. ಆಡಳಿತಾಧಿಕಾರಿಯಾಗಿದ್ದ ಎಚ್. ಎಲ್. ನಾಗೇಗೌಡ (1915-2005) 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, 1994ರಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿಯ ಬದಿಯಲ್ಲಿ 15 ಎಕರೆಯ ಈ ಸಂಗ್ರಹಾಲಯವನ್ನು ತೆರೆದರು. ಹಾಡು, ಕಥೆ, ಕುಣಿತಗಳ ಧ್ವನಿ ಮತ್ತು ದೃಶ್ಯ ಮುದ್ರಣಗಳು ಇಲ್ಲಿವೆ. ಬರೆಯಲಾರದವರ ಮಾತನ್ನು ಉಳಿಸುವುದರಿಂದ ಇದು ಕಾಗದದ ಪತ್ರಾಗಾರಗಳಿಗೆ ಪೂರಕ.

ಕನ್ನಡಿಗರ ಪತ್ರಗಳು ಹೊರದೇಶಗಳ ವಿಶ್ವವಿದ್ಯಾಲಯಗಳಲ್ಲೂ ಇವೆ. ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ (1929-1993) ಅವರ ಡೈರಿ, ಕರಡು, ಪತ್ರಗಳು ಶಿಕಾಗೊ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಅವರ ಡೈರಿಗಳ ಆಯ್ದ ಭಾಗ 2019ರಲ್ಲಿ ಪುಸ್ತಕವಾಗಿ ಬಂದದ್ದು ಆ ಸಂಗ್ರಹದಿಂದ.

ಸಂಶೋಧನೆಯಲ್ಲಿ ಬಳಕೆ

ಸರಕಾರಿ ವರದಿ ತಾಲ್ಲೂಕಿನ ಒಟ್ಟು ಲೆಕ್ಕ ಕೊಡುತ್ತದೆ. ಬರದ ವರ್ಷ ಒಂದು ಮನೆ ಯಾರಲ್ಲಿ ಎಷ್ಟು ರಾಗಿ ಕಡ ತಂದಿತು, ಹಿಪ್ಪುನೇರಳೆ ಹಾಕಲು ಯಾವ ಹೊಲವನ್ನು ಬಿಟ್ಟಿತು, ಬೆಂಗಳೂರಿಗೆ ಮೊದಲು ಹೋದವರು ಯಾರ ಮನೆಯಲ್ಲಿ ಇಳಿದುಕೊಂಡರು ಎಂಬುದು ಸಿಗುವುದು ಮನೆಯ ಲೆಕ್ಕ ಮತ್ತು ಕಾಗದಗಳಲ್ಲಿ. ಕ್ರಯಪತ್ರಗಳ ಚಕ್ಕುಬಂದಿಯಿಂದ ಮುಚ್ಚಿಹೋದ ಕೆರೆ, ಗುಂಡುತೋಪು, ಓಣಿಗಳ ಹೆಸರು ಸಿಗುತ್ತವೆ. ಶಾಲೆಯ ದಾಖಲಾತಿ ಪುಸ್ತಕದಿಂದ ಯಾವ ಕೇರಿಯ ಹೆಣ್ಣುಮಕ್ಕಳು ಯಾವ ವರ್ಷ ಮೊದಲು ಶಾಲೆಗೆ ಬಂದರೆಂದು ತಿಳಿಯುತ್ತದೆ.

ಈ ಬಗೆಯ ಸಂಗ್ರಹಕ್ಕೆ ಒಂದು ಮಿತಿಯಿದೆ. ಶಾನುಭೋಗರು, ಇನಾಂದಾರರು, ಓದಿದ ಮನೆತನಗಳು ಕಾಗದ ಬಿಟ್ಟುಹೋದವು. ಗೇಣಿದಾರ, ಕೂಲಿಯವ, ನೂಲು ಬಿಚ್ಚುವ ಹೆಂಗಸು ಅವರ ಪುಸ್ತಕಗಳಲ್ಲಿ ಬರಿಯ ಹೆಸರಾಗಿಯೋ ಬಾಕಿಯಾಗಿಯೋ ಬರುತ್ತಾರೆ. ಕಟ್ಟು ಯಾರ ಮನೆಯದೆಂದು ಸೂಚಿಯಲ್ಲಿ ಸ್ಪಷ್ಟವಾಗಿದ್ದರೆ ಆ ಲೆಕ್ಕವನ್ನು ಯಾರ ಕಣ್ಣಿನಿಂದ ಬರೆದದ್ದೆಂದು ಓದುಗರು ಅಳೆಯಬಲ್ಲರು. ಪಡಿತರ ಚೀಟಿ, ಕೂಲಿ ಪುಸ್ತಕ, ಸಂಘದ ಪಾಸ್‌ಬುಕ್, ಸ್ತ್ರೀಶಕ್ತಿ ಗುಂಪಿನ ನಡಾವಳಿಗಳನ್ನು ಈಗಿನಿಂದಲೇ ಪಡೆದು, ಕೊಟ್ಟವರ ಮಾತನ್ನು ಧ್ವನಿಮುದ್ರಿಸಿ ಜೊತೆಗಿಡುವುದು ಈ ಕೊರತೆಯನ್ನು ತುಂಬುವ ದಾರಿ. ಕಟ್ಟನ್ನು ಇಡಿಯಾಗಿ ಕಾಪಾಡುವ ನಿಯಮ ಫೋನಿನ ಸಂದೇಶಗಳಿಗೂ ಸಲ್ಲುತ್ತದೆ: ಬಿಡಿ ಚಿತ್ರ ತೆಗೆದಿಡುವ ಬದಲು, ಒಪ್ಪಿಗೆ ಪಡೆದು, ಇಡೀ ಸಂಭಾಷಣೆಯನ್ನು ತಾರೀಖು ಸಮೇತ ಉಳಿಸಿಕೊಳ್ಳಬೇಕು.